ಶೀವ್ ಎಂಬ ಎಲ್ಲೆ

ನಾವು ಕನ್ನಡಿಗರು ಸಯನ್ ಎಂದು ಕರೆಯುತ್ತ ಬಂದಿರುವ ಊರನ್ನು ನೆರೆಯ ಮರಾಠಿಗರು ಶೀವ್ ಎನ್ನುತ್ತಾರೆ. ಶೀವ್ ಎಂದರೆ ಸೀಮೆ, ಎಲ್ಲೆ. ಇಲ್ಲಿ ಜಾಗವಿದ್ದ ಪೋರ್ಚುಗೀಸ್ ಜೆಸುಯಿಟ್ ಪಾದ್ರಿಗಳು ಯೆರೂಸಲೇಮಿನ ಸೀಯೋನ್ ಬೆಟ್ಟದ ನೆನಪಿಗೆ ತಮ್ಮ ಪ್ರಾರ್ಥನಾಲಯಕ್ಕೆ ಇಟ್ಟ ಹೆಸರೇ ಸಯನ್ ಆಯಿತೆಂಬ ಇನ್ನೊಂದು ವಿವರಣೆಯೂ ಉಂಟು. ಎರಡರಲ್ಲಿ ಯಾವುದು ಸರಿಯೆಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಒಂದೇ ನೆಲಕ್ಕೆ ಪಾದ್ರಿಗಳ ಹೆಸರೂ ಎಲ್ಲೆಯ ಹೆಸರೂ ಅಂಟಿಕೊಂಡಿರುವುದು ಈ ಬರಹದ ಮಟ್ಟಿಗೆ ಸಾಕು.

ಈ ಬರಹ ಹುಟ್ಟಿದ್ದು ನಮ್ಮ ಬಳಗದ ಒಂದು ತಿಂಗಳ ಸಭೆಯಲ್ಲಿ. ಮಾತು ಹೇಗೋ ಹಿರಿಯರ ವಲಸೆಯ ಕಡೆಗೆ ತಿರುಗಿತು. ಉಡುಪಿ ಕಡೆಯ ಗೌಡ ಸಾರಸ್ವತ ಹಿರಿಯರೊಬ್ಬರು, ಕಿಂಗ್ಸ್ ಸರ್ಕಲ್ಲಿನ ಗಣಪತಿಯ ಸೇವೆಯಲ್ಲಿ ಅರ್ಧ ಆಯುಷ್ಯ ಕಳೆದವರು, "ನಾವು ಇನ್‌ಕ್ವಿಸಿಷನ್ನಿಗೆ ಸಿಗದೆ ಗೋವೆಯಿಂದ ತಪ್ಪಿಸಿಕೊಂಡು ಬಂದವರು, ಸಿಕ್ಕಿದವರು ಇಗರ್ಜಿಗೆ ಹೋದರು" ಎಂದರು. ಸಭೆಯಲ್ಲಿ ಮಂಗಳೂರಿನ ಕಥೋಲಿಕ ಗೆಳತಿಯೊಬ್ಬರಿದ್ದರು, ಇಪ್ಪತ್ತು ವರ್ಷಗಳಿಂದ ಬಳಗದ ಲೆಕ್ಕಪತ್ರ ನೋಡಿಕೊಳ್ಳುವವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: "ಮಾಮ್, ನಮ್ಮ ಹಿರಿಯರೂ ಅದೇ ಕೋರ್ಟಿಗೆ ಹೆದರಿಯೇ ಹೊಳೆ ದಾಟಿದವರು. ನಿಮಗಿಂತ ನಮಗೇ ಹೆಚ್ಚು ಹೆದರಿಕೆ ಇದ್ದದ್ದು." ಹಿರಿಯರು ನಕ್ಕು ಮಾತು ಬದಲಿಸಿದರು. ಆದರೆ ಗೆಳತಿಯ ಮಾತಿನಲ್ಲಿ ಚರಿತ್ರೆಯ ಒಂದು ಮುಖ್ಯ ಸಂಗತಿ ಇತ್ತೆಂದು ನಮಗೆ ಆಮೇಲೆ, ಓದುತ್ತ ಹೋದಂತೆ, ತಿಳಿಯಿತು.

ಇನ್‌ಕ್ವಿಸಿಷನ್ ಎಂದರೆ ಕಥೋಲಿಕ ಸಭೆಯೊಳಗಿನ ಪಾಷಂಡವನ್ನು ಹುಡುಕಿ ವಿಚಾರಿಸುವ ನ್ಯಾಯಾಲಯ. ಪಾಷಂಡ ಎಂಬ ಪದ ನಮ್ಮಲ್ಲಿಯೂ ಹಳೆಯದು. ಶಾಸ್ತ್ರಕಾರರು ಪರಸ್ಪರ ಬಯ್ದುಕೊಳ್ಳಲು ಧಾರಾಳವಾಗಿ ಬಳಸಿದ್ದಾರೆ. ಮತದ ಕಾರಣಕ್ಕೆ ಕೊಲ್ಲುವುದೂ ನಮಗೆ ಅಪರಿಚಿತವಲ್ಲ, ಕಲ್ಯಾಣದಲ್ಲಿ ಹರಳಯ್ಯ ಮಧುವರಸರಿಗೆ ಆದದ್ದನ್ನು ಕನ್ನಡಿಗರು ಮರೆಯಲಾರರು. ಆದರೆ ಮನುಷ್ಯನ ನಂಬಿಕೆಯೊಂದನ್ನೇ ಅಪರಾಧವೆಂದು ಹಿಡಿದು, ಗುಮಾಸ್ತ, ಸೆರೆಮನೆ, ದಫ್ತರ, ಖಜಾನೆಗಳ ಸಮೇತ ತಲೆಮಾರುಗಟ್ಟಲೆ ನಡೆಯುವ ಕಚೇರಿ ಯುರೋಪಿನಲ್ಲಿ ಬೆಳೆದ ಸಂಸ್ಥೆ. ಹದಿಮೂರನೆಯ ಶತಮಾನದ ಮೊದಲರ್ಧದಲ್ಲಿ ದಕ್ಷಿಣ ಫ್ರಾನ್ಸಿನ ಕಥಾರರನ್ನು ಅಡಗಿಸಲು ಪೋಪ್ ಒಂಬತ್ತನೆಯ ಗ್ರೆಗರಿ ವಿಚಾರಕರನ್ನು ನೇಮಿಸಿದ. 1252ರಲ್ಲಿ ವಿಚಾರಣೆಯಲ್ಲಿ ಚಿತ್ರಹಿಂಸೆಗೆ ಪೋಪನ ಅನುಮತಿಯೂ ಸಿಕ್ಕಿತು. ಸ್ಪೇನಿನಲ್ಲಿ 1478ರಲ್ಲಿ, ಪೋರ್ಚುಗಲ್ಲಿನಲ್ಲಿ 1536ರಲ್ಲಿ ಇದು ಅರಸರ ಕೈಯ ಆಯುಧವಾಯಿತು. ಗೆಲಿಲಿಯೋನನ್ನು ಮಂಡಿಯೂರಿಸಿದ್ದು ರೋಮಿನ ಶಾಖೆ. ಗೋವೆಯದು ಲಿಸ್ಬನ್ನಿನ ಶಾಖೆ. 1560ರಲ್ಲಿ ಅಲೆಯ್ಶೊ ದಿಯಸ್ ಫಾಲ್ಕಾಂವ್ ಎಂಬ ವಿಚಾರಕನ ಮುಂದಾಳುತನದಲ್ಲಿ ಅದು ಆರಂಭವಾಯಿತು. ಹಿಂದೆ ಬಿಜಾಪುರದ ಆದಿಲಶಾಹಿಗೆ ಸೇರಿದ್ದ ಅರಮನೆಯೇ ಅದರ ಕಚೇರಿ. ಊರವರು ಅದರ ಹೆಸರನ್ನೂ ಎತ್ತದೆ 'ದೊಡ್ಡ ಮನೆ' ಎಂದರ್ಥ ಬರುವ ಕೊಂಕಣಿ ಮಾತಿನಿಂದ ಅದನ್ನು ಸೂಚಿಸುತ್ತಿದ್ದರಂತೆ.

ಈ ದೊಡ್ಡ ಮನೆಯ ಅಧಿಕಾರ ಮೂಲತಃ ದೀಕ್ಷಾಸ್ನಾನ ಪಡೆದವರ ಮೇಲೆ ಮಾತ್ರ. ಹಿಂದುವೊಬ್ಬ ಪಾಷಂಡಿಯಾಗಲಾರ, ಸಭೆಯ ಒಳಗೆ ಇದ್ದವನಲ್ಲವೆ ದಾರಿ ತಪ್ಪುವುದು? ಗೋವೆಯಲ್ಲಿ ಈ ಎಲ್ಲೆಯನ್ನು ಹಿಗ್ಗಿಸಿದರೆಂಬುದು ನಿಜ: ಮತಾಂತರಕ್ಕೆ ಅಡ್ಡಿ ಮಾಡಿದ, ಮತಾಂತರಗೊಂಡವರನ್ನು ಹಿಂದಕ್ಕೆ ಸೆಳೆದ, ನಿಷೇಧಿತ ಪೂಜೆಗಳನ್ನು ನಡೆಸಿದ ಆರೋಪದ ಮೇಲೆ ಹಿಂದುಗಳನ್ನೂ ಎಳೆದು ತಂದರು. ಆದರೂ ನಮ್ಮ ಮನೆಗಳಲ್ಲಿ 'ಇನ್‌ಕ್ವಿಸಿಷನ್' ಎಂಬ ಒಂದೇ ಹೆಸರಿನ ಕೆಳಗೆ ತುಂಬಿಟ್ಟಿರುವ ಸಂಕಟಗಳಲ್ಲಿ ಹಲವು ಬೇರೆ ಕೈಗಳ ಕೆಲಸ. ತಂದೆಯಿಲ್ಲದ ಹಿಂದೂ ಮಕ್ಕಳನ್ನು ಒಯ್ದು ದೀಕ್ಷೆ ಕೊಡುವ 1559ರ ಕಾನೂನು ಪೋರ್ಚುಗಲ್ ಅರಸೊತ್ತಿಗೆಯದು. 1567ರಲ್ಲಿ ಸಾಷ್ಟಿಯ ದೇವಾಲಯಗಳನ್ನು ಕೆಡವಿಸಿದ್ದು ರಾಶೋಲ್ ಕೋಟೆಯ ಕಪ್ತಾನ. 1684ರಲ್ಲಿ, ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ಆಜ್ಞೆ ಹೊರಡಿಸಿದವನು ವೈಸರಾಯ್. ಗುಡಿ ಕಳೆದುಕೊಂಡವನಿಗೆ ಈ ವಿಂಗಡಣೆಯಿಂದ ಏನೂ ಸಮಾಧಾನವಿಲ್ಲ, ಒಪ್ಪೋಣ. ಆದರೆ ಯಾರು ಯಾರಿಗೆ ಹೆದರಿದರು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ವಿಂಗಡಣೆ ಬೇಕು. ನ್ಯಾಯಾಲಯದ ದಫ್ತರದಲ್ಲಿ 1561ರಿಂದ 1774ರವರೆಗೆ ಹದಿನಾರು ಸಾವಿರಕ್ಕೂ ಮಿಕ್ಕಿದ ಮೊಕದ್ದಮೆಗಳು ನಡೆದವೆಂದು ಚರಿತ್ರಕಾರರು ಎಣಿಸಿದ್ದಾರೆ. ಅವುಗಳಲ್ಲಿ ಬಹುಪಾಲು ಆರೋಪಿಗಳು ಕ್ರೈಸ್ತರೇ: ಮೊದಮೊದಲು ಯೆಹೂದಿ ಮೂಲದ 'ಹೊಸ ಕ್ರೈಸ್ತ'ರು, ಮುಂದೆ ಹಳೆಯ ಆಚಾರ ಬಿಡಲಾಗದ ಗೋವೆಯ ಮಣ್ಣಿನ ಕ್ರೈಸ್ತರು.

ಮೊದಲ ಗುಂಪಿನ ಒಬ್ಬನ ಕಥೆ ನಮ್ಮ ಮುಂಬಯಿಗೆ ಸಂಬಂಧಪಟ್ಟದ್ದು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆಂದು ನಮ್ಮ ಆಸೆ. ಗಾರ್ಸಿಯಾ ದ ಓರ್ತಾ ಹದಿನಾರನೆಯ ಶತಮಾನದ ಮೊದಲಿಗೆ ಪೋರ್ಚುಗಲ್ಲಿನ ಕಾಸ್ತೆಲೊ ದ ವೀದೆ ಎಂಬ ಊರಿನಲ್ಲಿ ಹುಟ್ಟಿದವನು. ತಂದೆತಾಯಿ ಸ್ಪೇನಿನಿಂದ 1492ರಲ್ಲಿ ಹೊರದೂಡಲ್ಪಟ್ಟ ಯೆಹೂದಿಗಳು. ಐದು ವರ್ಷದ ಬಳಿಕ ಪೋರ್ಚುಗಲ್ಲಿನಲ್ಲಿ ಬಲವಂತದಿಂದ ಕ್ರೈಸ್ತರಾದವರು. ಮಗ ಸಾಲಮಾಂಕಾದಲ್ಲಿ ವೈದ್ಯ ಕಲಿತ. 1534ರಲ್ಲಿ ಮಾರ್ತಿಂ ಅಫೊನ್ಸೊ ದ ಸೋಜನ ಹಡಗಿನಲ್ಲಿ ಗೋವೆಗೆ ಬಂದವನು ಮರಳಿ ಹೋಗಲೇ ಇಲ್ಲ. ಅಹಮದನಗರದ ಬುರ್ಹಾನ್ ನಿಜಾಮಶಾಹನಿಗೂ ಔಷಧ ಕೊಟ್ಟ. ಅವನ ಸೇವೆಗೆ ಮೆಚ್ಚಿ, 1554ರ ಸುಮಾರಿಗೆ, ವರ್ಷಕ್ಕಿಷ್ಟು ಎಂಬ ಗೇಣಿಯ ಮೇಲೆ ಪೋರ್ಚುಗೀಸರು ಮುಂಬಯಿ ದ್ವೀಪವನ್ನೇ ಅವನಿಗೆ ವಹಿಸಿಕೊಟ್ಟರು. ಏಳು ದ್ವೀಪಗಳಲ್ಲಿ ಒಂದು ಅದು. ಇಂದು ಕೋಟೆ ಪ್ರದೇಶವೆಂದು ಕರೆಯುವಲ್ಲಿ ಅವನ ಮನೆಯಿತ್ತು. ಚದರ ಅಡಿಯ ಲೆಕ್ಕದಲ್ಲಿ ಬಾಡಿಗೆ ಕಟ್ಟುವ ನಮಗೆ, ಒಬ್ಬ ವೈದ್ಯ ಇಡೀ ಮುಂಬಯಿಯನ್ನು ಗೇಣಿಗೆ ಹಿಡಿದಿದ್ದನೆಂದು ಓದುವಾಗ ನಗು ಬರದಿರದು.

1563ರ ಏಪ್ರಿಲ್‌ನಲ್ಲಿ ಗೋವೆಯ ಮುದ್ರಣಾಲಯದಿಂದ ಅವನ ಪುಸ್ತಕ ಹೊರಬಂತು. ಭಾರತದ ಗಿಡಮೂಲಿಕೆ, ಸಾಂಬಾರ ಪದಾರ್ಥ, ಔಷಧಗಳ ಕುರಿತು ಇಬ್ಬರು ಕುಳಿತು ಮಾತಾಡುವ ಸಂವಾದರೂಪದ ಗ್ರಂಥ. ಒಬ್ಬ ಓರ್ತಾ ತಾನೇ. ಇನ್ನೊಬ್ಬ ಯುರೋಪಿನಿಂದ ಹೊಸತಾಗಿ ಬಂದ ರುವಾನೋ ಎಂಬ ಕಲ್ಪಿತ ವೈದ್ಯ. ಆಂತೋನಿಯಾ ಎಂಬ ಸೇವಕಿ ನಡುವೆ ಬಂದು ಕೇಳಿದ ವಸ್ತುಗಳನ್ನು ತಂದುಕೊಡುತ್ತಾಳೆ. ಹಳೆಯ ಗ್ರೀಕ್ ಪಂಡಿತರು ಹೇಳಿದ್ದಕ್ಕಿಂತ ತಾನು ಕಣ್ಣಾರೆ ಕಂಡದ್ದು, ಇಲ್ಲಿಯ ವೈದ್ಯರಿಂದ ಕೇಳಿದ್ದು ಹೆಚ್ಚು ನಂಬಲರ್ಹವೆಂದು ಓರ್ತಾ ಅಲ್ಲಿ ವಾದಿಸುತ್ತಾನೆ. ತನ್ನ ಮುಂಬಯಿಯಲ್ಲಿ ವರ್ಷಕ್ಕೆ ಎರಡು ಬಾರಿ ಹಣ್ಣು ಬಿಡುವ ಮಾವಿನ ಮರವಿದೆ ಎಂದು ಬೀಗುತ್ತಾನೆ. ಪೋರ್ಚುಗೀಸರ ಮಹಾಕವಿ ಕಮೋಯಿಂಶನ ಪದ್ಯವೊಂದು ಮೊದಲು ಅಚ್ಚಾದದ್ದೂ ಈ ಪುಸ್ತಕದಲ್ಲಿಯೇ. ಆದರೆ ನಮ್ಮ ಕಣ್ಣು ನಿಂತದ್ದು ಅದರ ಮುಖಪುಟದ ಮೇಲೆ. ಈ ಗ್ರಂಥವನ್ನು ಪರಿಶೀಲಿಸಿದವರು ಈ ಭಾಗದ ವಿಚಾರಕರಾದ ಅಲೆಯ್ಶೊ ದಿಯಸ್ ಫಾಲ್ಕಾಂವ್ ಎಂದು ಅಲ್ಲಿ ಅಚ್ಚಾಗಿದೆ. ಲೇಖಕನ ಹೆಸರು, ವಿಚಾರಕನ ಹೆಸರು, ಎರಡೂ ಒಂದೇ ಪುಟದಲ್ಲಿ.

ಓರ್ತಾ 1568ರಲ್ಲಿ ತೀರಿಕೊಂಡ. ನ್ಯಾಯಾಲಯ ಅವನ ತಂಗಿ ಕತರೀನಾಳನ್ನು ಹಿಡಿಯಿತು. ಗುಟ್ಟಾಗಿ ಯೆಹೂದಿ ಆಚಾರ ಪಾಲಿಸಿದಳೆಂಬ ಆರೋಪದ ಮೇಲೆ 1569ರಲ್ಲಿ ಅವಳನ್ನು ಗೋವೆಯಲ್ಲಿ ಸುಟ್ಟರು. ಬಂಧುಗಳ ಹೇಳಿಕೆಗಳಿಂದ ಅಣ್ಣನೂ ಮೋಶೆಯ ಧರ್ಮವನ್ನೇ ನಿಜವೆಂದು ನಂಬಿದ್ದನೆಂದು ದಫ್ತರಕ್ಕೆ ಬಂತು. ಸತ್ತವನ ಮೇಲೆ ಮೊಕದ್ದಮೆ ಹೂಡಲು ಈ ನ್ಯಾಯಾಲಯಕ್ಕೆ ಅಡ್ಡಿಯಿರಲಿಲ್ಲ. 1580ರಲ್ಲಿ ಗೋರಿ ಅಗೆದು ಎಲುಬುಗಳನ್ನು ತೆಗೆದು ಸುಟ್ಟರು. ಅಷ್ಟರಲ್ಲಿ ಪುಸ್ತಕ ಮಾತ್ರ ಅವರ ಕೈಮೀರಿ ಹೋಗಿತ್ತು: 1567ರಲ್ಲಿಯೇ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ಲ್ಯಾಟಿನ್ನಿಗೆ ಸಂಗ್ರಹಿಸಿ ಆಂಟ್‌ವರ್ಪಿನಲ್ಲಿ ಅಚ್ಚು ಹಾಕಿಸಿದ್ದ.

ವಿಚಾರಣೆ ಒಳಗೆ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಶಾರ್ಲ್ ದೆಲ್ಲೊ ಎಂಬ ಫ್ರೆಂಚ್ ವೈದ್ಯನ ಬರಹ ಸಾಕ್ಷಿ. ದೀಕ್ಷಾಸ್ನಾನದ ಬಗ್ಗೆ, ವಿಗ್ರಹಗಳ ಬಗ್ಗೆ ಆಡಿದ ಮಾತುಗಳಿಗಾಗಿ 1673ರಲ್ಲಿ ಅವನನ್ನು ದಮನಿನಲ್ಲಿ ಹಿಡಿದರು. ನಮ್ಮ ವಸಯಿಯ ಸೆರೆಯಲ್ಲಿ ಕೆಲವು ದಿನ ಇಟ್ಟು ಗೋವೆಗೆ ಸಾಗಿಸಿದರು. ದೂರು ಕೊಟ್ಟವರು ಯಾರೆಂದು ಆರೋಪಿಗೆ ಹೇಳುವುದಿಲ್ಲ. ದೂರು ಏನೆಂದೂ ಹೇಳುವುದಿಲ್ಲ. ನಿನ್ನ ತಪ್ಪನ್ನು ನೀನೇ ನೆನೆದು ಒಪ್ಪಿಕೋ ಎನ್ನುತ್ತಾರೆ. ನೆನಪಾದುದನ್ನೆಲ್ಲ ಒಪ್ಪಿಕೊಂಡರೂ ದೂರಿನಲ್ಲಿರುವುದು ಅದರಲ್ಲಿ ಸೇರಿರದಿದ್ದರೆ ಮುಚ್ಚಿಟ್ಟನೆಂದು ಮತ್ತೆ ಕತ್ತಲೆಕೋಣೆ. ಹಿಡಿದ ದಿನವೇ ಆಸ್ತಿ ಜಪ್ತಿ. ಕೊನೆಗೆ ಊರೆಲ್ಲ ನೋಡುವಂತೆ ಚಿತ್ರ ಬರೆದ ನಿಲುವಂಗಿ ತೊಡಿಸಿ ಮೆರವಣಿಗೆ, ಶಿಕ್ಷೆಯ ಘೋಷಣೆ. ಸುಡಬೇಕಾದವರನ್ನು ನ್ಯಾಯಾಲಯ ತಾನೇ ಸುಡುವುದಿಲ್ಲ. ಕರುಣೆ ತೋರಬೇಕೆಂಬ ಒಕ್ಕಣೆಯೊಡನೆ ಸರಕಾರದ ಕೈಗೆ ಒಪ್ಪಿಸುತ್ತದೆ. ಕಾಗದದ ಈ ಕರುಣೆಯಷ್ಟು ನಮ್ಮನ್ನು ಕದಡಿದ್ದು ಇನ್ನೊಂದಿಲ್ಲ. ದೆಲ್ಲೊನಿಗೆ ಐದು ವರ್ಷ ಹಡಗುಗಳ ದುಡಿಮೆಯ ಶಿಕ್ಷೆಯಾಯಿತು. ಅವಧಿಗೆ ಮೊದಲೇ ಬಿಡುಗಡೆಯಾಗಿ ಫ್ರಾನ್ಸಿಗೆ ಮರಳಿದ ಅವನು 1687ರಲ್ಲಿ ತನ್ನ ಅನುಭವವನ್ನು ಪ್ರಕಟಿಸಿದ.

ನೆಲದ ಕ್ರೈಸ್ತರಿಗೆ ಈ ಕಚೇರಿ ಹತ್ತಿರವಾದದ್ದು ಅಡುಗೆಮನೆ ಅಂಗಳಗಳ ಮೂಲಕ. 1736ರ ಅದರ ಒಂದು ಆಜ್ಞೆಯನ್ನು ಓದಿದರೆ ಅಂದಿನ ಗೋವೆಯ ಮನೆಯೊಳಗೆ ಹೊಕ್ಕಂತಾಗುತ್ತದೆ. ಹಿಂದುಗಳಂತೆ ಉಪ್ಪಿಲ್ಲದೆ ಅನ್ನ ಬೇಯಿಸಬಾರದು. ಮನೆಯ ಬಳಿ ತುಳಸಿ ಇರಬಾರದು. ಗಂಡಸರು ಧೋತರ, ಹೆಂಗಸರು ಚೋಳಿ ತೊಡಬಾರದು. ಮದುವೆಯಲ್ಲಿ ಹೂವು ವೀಳ್ಯ ಹಂಚಬಾರದು, ವಧೂವರರಿಗೆ ಅರಿಸಿನ ತೆಂಗಿನೆಣ್ಣೆಗಳನ್ನು ಹಚ್ಚಬಾರದು, ಓವಿ ಹಾಡಬಾರದು. ಅನ್ನಕ್ಕೆ ಉಪ್ಪು ಹಾಕಿದ್ದೀರೋ ಇಲ್ಲವೋ ಎಂಬುದು ನೆರೆಮನೆಯವಳು ದೂರು ಕೊಡಬಹುದಾದ ಸಂಗತಿಯಾಯಿತು. ನಮ್ಮ ಗೆಳತಿ "ನಮಗೇ ಹೆಚ್ಚು ಹೆದರಿಕೆ" ಎಂದದ್ದರ ಅರ್ಥ ಇದು. ಹಿಂದುವಿಗೆ ಗುಡಿ ಹೋಯಿತು, ಭೂಮಿ ಹೋಯಿತು, ಊರು ಬಿಡಬೇಕಾಯಿತು. ಕ್ರೈಸ್ತನಾದವನ ತಟ್ಟೆಯೇ ಸಾಕ್ಷಿಯ ಕಟ್ಟೆ ಏರಿತು.

ತಪ್ಪಿಸಿಕೊಳ್ಳಲು ಇದ್ದ ದಾರಿ ಹೊಳೆ. ಗೋವೆಯ ಸಾಷ್ಟಿಗೂ ಅಂತ್ರೂಜ್ ಪ್ರದೇಶಕ್ಕೂ ನಡುವೆ ಜುವಾರಿ ಹರಿಯುತ್ತದೆ. ಆಚೆಯ ದಡ ಆಗ ಬಿಜಾಪುರದ ಆದಿಲಶಾಹಿಗೆ ಸೇರಿತ್ತು. 1560ರ ದಶಕದಲ್ಲಿ ದೇವರುಗಳೇ ಈ ಹೊಳೆ ದಾಟಿದರು. ಕುಶಸ್ಥಳಿಯ ಮಂಗೇಶ ಪ್ರಿಯೋಳಕ್ಕೆ, ಕೇಳೋಶಿಯ ಶಾಂತಾದುರ್ಗೆ ಕವಳೆಗೆ, ವೆರ್ಣೆಯ ಮಹಾಲಸೆ ಮಾರ್ದೋಳಕ್ಕೆ ಹೋದರು. ಮುಸಲ್ಮಾನ ಸುಲ್ತಾನನ ಸೀಮೆಯಲ್ಲಿ ಈ ಗುಡಿಗಳು ಮತ್ತೆ ಎದ್ದವು ಎಂಬುದನ್ನು ವಲಸೆಯ ಕಥೆ ಹೇಳುವಾಗ ನಮ್ಮವರು ಹಲವು ಬಾರಿ ಬಿಟ್ಟುಬಿಡುತ್ತಾರೆ. ಬಿಜಾಪುರ ನಮ್ಮದೇ ನಾಡಿನ ಊರಾದ್ದರಿಂದಾದರೂ ನಾವು ಬಿಡಬಾರದು. ಮನೆತನಗಳು ಇನ್ನೂ ತೆಂಕಣಕ್ಕೆ, ಕಾರವಾರ, ಹೊನ್ನಾವರ, ಬಸರೂರು, ಮಂಗಳೂರುಗಳ ಕಡೆಗೆ ಇಳಿದವು. ಎಲ್ಲರೂ ಒಂದೇ ಕಾರಣಕ್ಕೆ ಹೊರಟವರಲ್ಲ. ಕ್ಷಾಮ, ತೆರಿಗೆ, ಮುಂದೆ ಮರಾಠರ ದಾಳಿ, ವ್ಯಾಪಾರದ ಸೆಳೆತ ಎಲ್ಲವೂ ಇದ್ದವು. ಕೆಲವು ಸಾರಸ್ವತ ಮನೆತನಗಳು ಪೋರ್ಚುಗೀಸರು ಬರುವ ಮೊದಲೇ ಕರಾವಳಿಯಲ್ಲಿದ್ದವು. ಆದರೆ ಅದೇ ದಾರಿಯಲ್ಲಿ ಕೊಂಕಣಿ ಕ್ರೈಸ್ತ ಒಕ್ಕಲುಗಳೂ ನಡೆದವು. ಕೆಳದಿಯ ನಾಯಕರಿಗೆ ಗದ್ದೆ ಮಾಡಬಲ್ಲ ಕೈಗಳು ಬೇಕಾಗಿದ್ದವು. ಅಲ್ಲಿಯೂ ಇಗರ್ಜಿಗೆ ಗೋವೆಯಿಂದಲೇ ಪಾದ್ರಿಗಳು ಬರುತ್ತಿದ್ದರು. ಆದರೆ ಅವರ ಬೆನ್ನಿಗೆ ಸೆರೆಮನೆಯಾಗಲಿ ಸಿಪಾಯಿಯಾಗಲಿ ಬರುವಂತಿರಲಿಲ್ಲ.

ಇಂಥದ್ದೇ ಇನ್ನೊಂದು ಎಲ್ಲೆ ನಮ್ಮ ಸಯನ್. ಗೋವೆಯಲ್ಲಿರುವಂತೆ ಮುಂಬಯಿಗೂ ಒಂದು ಸಾಷ್ಟಿ ಇದೆ: ಕುರ್ಲಾ, ಬಾಂದ್ರಾದಿಂದ ಬಡಗಣಕ್ಕೆ ಹಬ್ಬಿದ ದೊಡ್ಡ ದ್ವೀಪ. 1534ರಿಂದ ಇವೆಲ್ಲ ಪೋರ್ಚುಗೀಸರ ಕೈಯಲ್ಲಿದ್ದವು; ವಸಯಿಯಲ್ಲಿ ಇನ್‌ಕ್ವಿಸಿಷನ್ನಿನ ಪ್ರತಿನಿಧಿ ಇರುತ್ತಿದ್ದ. 1661ರ ರಾಜವಿವಾಹದ ಒಪ್ಪಂದದಲ್ಲಿ ಮುಂಬಯಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಹೋಯಿತು. 1665ರಲ್ಲಿ ಹಂಫ್ರಿ ಕುಕ್ ದಕ್ಷಿಣದ ದ್ವೀಪವನ್ನು ಪಡೆದುಕೊಂಡು, ಆಮೇಲೆ ಪೋರ್ಚುಗೀಸರ ಆಕ್ಷೇಪಕ್ಕೆ ಕಿವಿಗೊಡದೆ ಮಾಹಿಮ್, ಸಯನ್, ಧಾರಾವಿ, ವಡಾಲಾಗಳನ್ನೂ ಸೇರಿಸಿಕೊಂಡ. 1669ರಿಂದ 1677ರ ನಡುವೆ ಗವರ್ನರ್ ಜೆರಾಲ್ಡ್ ಆಂಜಿಯರ್ ಸಯನ್ನಿನ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ. ಇಂದು ಕೆಳಗೆ ನೆಹರೂ ಉದ್ಯಾನ, ಮೇಲೆ ಮುರುಕು ಗೋಡೆಗಳು, ಗೋಡೆಗಳ ಮೇಲೆ ಪ್ರೇಮಿಗಳ ಹೆಸರುಗಳು. ಅಂದು ಗುಡ್ಡದ ಬಡಗಣಕ್ಕೆ ಖಾಡಿ, ಖಾಡಿಯಾಚೆ ಪೋರ್ಚುಗೀಸರ ಸಾಷ್ಟಿ. 1737ರಿಂದ 1739ರೊಳಗೆ ಮರಾಠರು ಸಾಷ್ಟಿಯನ್ನೂ ವಸಯಿಯನ್ನೂ ಗೆಲ್ಲುವವರೆಗೆ, ಸುಮಾರು ಎಪ್ಪತ್ತು ವರ್ಷ, ಗೋವೆಯ ದೊಡ್ಡ ಮನೆಯ ಕೈ ಬಡಗಣ ದಡದವರೆಗೆ ಚಾಚಿ ಅಲ್ಲಿಗೇ ನಿಲ್ಲುತ್ತಿತ್ತು. ಶೀವ್ ಎಂಬ ಹೆಸರಿಗೆ ಇದಕ್ಕಿಂತ ಒಪ್ಪುವ ಕಾಲ ಬೇರೆ ಬಂದಿರಲಾರದು.

ಈ ಎಲ್ಲೆಯ ಬೆಲೆ ಏನೆಂದು ತಿಳಿದವರು ವ್ಯಾಪಾರಿಗಳು. 1677ರಲ್ಲಿ ನೀಮಾ ಪಾರಖ್ ಎಂಬ ಬನಿಯಾ ವರ್ತಕ ಪೋರ್ಚುಗೀಸರ ದೀವ್‌ನಿಂದ ಮುಂಬಯಿಗೆ ಬರುವ ಮೊದಲು ಕಂಪನಿಯ ಮುಂದೆ ಶರತ್ತುಗಳನ್ನಿಟ್ಟ. ತನ್ನವರು ಬ್ರಾಹ್ಮಣರೊಡನೆ ತಮ್ಮ ಧರ್ಮವನ್ನು ತಡೆಯಿಲ್ಲದೆ ಆಚರಿಸಬೇಕು. ಹೆಣವನ್ನು ತಮ್ಮ ಪದ್ಧತಿಯಂತೆ ಸುಡಬೇಕು. ತಮ್ಮ ಆವರಣದಲ್ಲಿ ಪ್ರಾಣಿವಧೆ ಕೂಡದು. ಯಾವ ವಯಸ್ಸಿನವರನ್ನೂ ಬಲವಂತದಿಂದ ಕ್ರೈಸ್ತರನ್ನಾಗಿ ಮಾಡಕೂಡದು. 'ಯಾವ ವಯಸ್ಸಿನವರನ್ನೂ' ಎಂಬ ಆ ಮಾತನ್ನು ಓದಿದಾಗ ಅನಾಥ ಮಕ್ಕಳ ಕಾನೂನು ನೆನಪಾಗದಿರದು. ಕಂಪನಿ ಒಪ್ಪಿತು. ಅದು ಇಂಗ್ಲಿಷರ ಔದಾರ್ಯವೆಂದು ನಾವು ಹೊಗಳಹೊರಟಿಲ್ಲ. ಅದೇ ಕಾಲದಲ್ಲಿ, 1673ರ ಕಾನೂನಿನಂತೆ, ತಮ್ಮ ದೇಶದಲ್ಲಿ ಕಥೋಲಿಕನೊಬ್ಬ ಸರಕಾರಿ ಹುದ್ದೆ ಹಿಡಿಯದಂತೆ ನೋಡಿಕೊಂಡವರು ಅವರೇ. ಜೌಗು, ಜ್ವರಗಳಿಂದ ಜನ ಸಾಯುತ್ತಿದ್ದ ದ್ವೀಪಕ್ಕೆ ಬಂಡವಾಳ ಬೇಕಾಗಿತ್ತು. ಬಂಡವಾಳದವನ ಬೆಲೆ ಇದಾಗಿತ್ತು. ಮುಂಬಯಿಯ ಸಹಿಷ್ಣುತೆಯ ಹುಟ್ಟಿನಲ್ಲಿ ಇಷ್ಟು ವ್ಯವಹಾರ ಇದ್ದರೆ ತಪ್ಪೇನು ಎಂಬುದು ನಮ್ಮ ಅಭಿಪ್ರಾಯ.

ಗೋವೆಯ ನ್ಯಾಯಾಲಯವನ್ನು 1774ರಲ್ಲಿ ಪೊಂಬಾಲನ ಸರಕಾರ ಮುಚ್ಚಿತು. ಅವನು ಅಧಿಕಾರ ಕಳೆದುಕೊಂಡ ಮೇಲೆ ಮತ್ತೆ ತೆರೆದರು. 1808ರಲ್ಲಿ ಕ್ಲಾಡಿಯಸ್ ಬುಕಾನನ್ ಎಂಬ ಸ್ಕಾಟಿಷ್ ಪಾದ್ರಿ ಗೋವೆಗೆ ಹೋಗಿ ವಿಚಾರಕರಲ್ಲಿ ಒಬ್ಬನ ಅತಿಥಿಯಾಗಿಯೇ ಉಳಿದು, ದೆಲ್ಲೊನ ಪುಸ್ತಕವನ್ನು ಅವನ ಕೈಗಿಟ್ಟ. ವಿಚಾರಕ ಕುತೂಹಲದಿಂದ ಓದಿದ. ಸೆರೆಕೋಣೆ, ವಿಚಾರಣೆ, ಮೆರವಣಿಗೆಗಳ ವರ್ಣನೆ ಸರಿಯಾಗಿದೆ, ಆದರೆ ನಮ್ಮ ಉದ್ದೇಶವನ್ನು ಈತ ತಪ್ಪಾಗಿ ತಿಳಿದಿದ್ದಾನೆ ಎಂದನಂತೆ. 1812ರಲ್ಲಿ ಕಚೇರಿ ಶಾಶ್ವತವಾಗಿ ಮುಚ್ಚಿತು, ಗೋವೆಯಲ್ಲಿದ್ದ ದಫ್ತರದ ಬಹುಭಾಗವನ್ನು ನಾಶಮಾಡಿದರು. ಲಿಸ್ಬನ್ನಿಗೆ ಕಳಿಸಿದ ಪತ್ರಗಳೂ ಒಬ್ಬ ವಿಚಾರಕ ಮಾಡಿಸಿದ ಹಳೆಯ ಮೊಕದ್ದಮೆಗಳ ಪಟ್ಟಿಯೂ ಉಳಿದಿವೆ. 1961ರಲ್ಲಿ ಈ ವಿಷಯದ ಪ್ರಸಿದ್ಧ ಗ್ರಂಥವನ್ನು ಮುಂಬಯಿಯಿಂದಲೇ ಹೊರತಂದವರು ಅನಂತ ಕಾಕಬಾ ಪ್ರಿಯೋಳಕರ್. ಅವರ ಅಡ್ಡಹೆಸರಿನಲ್ಲಿರುವುದು ಮಂಗೇಶ ಹೊಳೆ ದಾಟಿ ನೆಲೆನಿಂತ ಊರು.

ಇದನ್ನೆಲ್ಲ ಓದಿಕೊಂಡು ನಾವು ಮುಂದಿನ ಸಭೆಯಲ್ಲಿ ಹೇಳಿದೆವು. ಹಿರಿಯರು ತಮ್ಮ ಕುಲದೇವತೆ ಮಹಾಲಸೆ, ಮೂಲ ವೆರ್ಣೆ ಎಂದರು. ಗೆಳತಿ ತಮ್ಮ ಮನೆಯ ಹಿರಿಯರು ಹೇಳುತ್ತಿದ್ದ ಮೂಲವೂ ವೆರ್ಣೆಯೇ ಎಂದರು. ಮಾಗಿಯಲ್ಲಿ ಅವರ ಮಗನ ಮದುವೆಯಾಯಿತು. ಹಿಂದಿನ ಸಂಜೆ ಸಯನ್ನಿನ ಮನೆಯಲ್ಲಿ ರೋಸ್. ತುಳು ಮಾತಾಡುವ ನೆರೆಯವರೂ ಮರಾಠಿಗರೂ ತುಂಬಿದ್ದರು. ಮಂಗಳೂರಿನಿಂದ ಬಂದಿದ್ದ ಇಬ್ಬರು ಮುದುಕಿಯರು ವೊವಿಯೊ ಎತ್ತಿಕೊಂಡರು. ಹಿರಿಯರು ಸರದಿಯಲ್ಲಿ ನಿಂತು, ತಮ್ಮ ಪಾಲು ಬಂದಾಗ ತೆಂಗಿನ ಹಾಲನ್ನು ಮದುಮಗನ ನೆತ್ತಿಗೆ ಹಚ್ಚಿ, ಕೈಯೊರಸಿಕೊಳ್ಳಲು ಬಟ್ಟೆ ಕೇಳಿದರು.